ಒಗೆಯುವ ಕಲ್ಲಿನಿಂದ ಚಾಮುಂಡಿ ಬೆಟ್ಟದವರೆಗೆ: ಕಲ್ಲಿನ ವಯಸ್ಸು ಓದುವುದು ಹೇಗೆ?

ಮಂಡ್ಯ ಕಡೆಯ ನಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ಬೂದು ಬಣ್ಣ. ಅದರ ತುಂಬ ಕಪ್ಪು ಬಿಳಿ ಪಟ್ಟೆಗಳು, ಕಂಬಳಿಯ ಗೆರೆಗಳ ಹಾಗೆ ಒಂದರ ಪಕ್ಕ ಒಂದು. ಆ ಪಟ್ಟೆಗಳನ್ನು ಓರೆಯಾಗಿ ಸೀಳಿಕೊಂಡು ಎರಡು ಬೆರಳು ಅಗಲದ ತಿಳಿ ಗುಲಾಬಿ ಎಳೆಯೊಂದು ಹೋಗಿದೆ. ಆ ಎಳೆಯೂ ನಡುವೆ ಒಂದು ಕಡೆ ತುಂಡಾಗಿ, ಒಂದಿಷ್ಟು ಪಕ್ಕಕ್ಕೆ ಸರಿದಿದೆ. ಇವೆಲ್ಲದರ ಮೇಲೆ ಕಲ್ಲು ಒಡೆಯುವವರ ಉಳಿ ಗುರುತು.

ಒಂದು ಭಾನುವಾರ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಅವ್ವ ಬಕೆಟ್ ಹಿಡಿದು ಬಂದಳು.

“ಏನ್ಲಾ, ಕಲ್ಲನ್ನ ಹಂಗ್ ನೋಡ್ಕಂಡು ಕುಂತಿದ್ದೀಯ? ಬಟ್ಟೆ ಒಗೀಬೇಕು, ಏಳು.”

“ಇದಕ್ಕೆ ಮುನ್ನೂರು ಕೋಟಿ ವರ್ಷ ಆಗಿರ್ಬೋದು ಕಣವ್ವ.”

“ಯಾರ್ ಹೇಳಿದ್ರು? ಅದ್ರ ಜಾತಕ ಬರ್ದಿಟ್ಟವ್ರಾ?”

ಅವ್ವ ಕೇಳಿದ್ದು ಸರಿಯಾದ ಪ್ರಶ್ನೆ. ಕಲ್ಲಿನ ಜಾತಕ ಕಲ್ಲಿನೊಳಗೇ ಇದೆ. ಅದರಲ್ಲಿ ಅರ್ಧ ಭಾಗವನ್ನು ನೀವು ಬರಿಗಣ್ಣಲ್ಲೇ ಓದಬಹುದು. ಇನ್ನರ್ಧಕ್ಕೆ ಲ್ಯಾಬ್ ಬೇಕು. ಎರಡೂ ಹೇಗೆ ಅನ್ನೋದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ. ಒಂದು ವಿಷಯ ಮಾತ್ರ ಮೊದಲೇ ಮನಸ್ಸಲ್ಲಿರಲಿ: ಮೊದಲು ಕ್ರಮ, ಆಮೇಲೆ ಅಂಕಿ. ಯಾವುದು ಮುಂಚೆ, ಯಾವುದು ಆಮೇಲೆ ಎಂದು ಗೊತ್ತಿಲ್ಲದೆ ಲ್ಯಾಬಿಗೆ ಕೊಟ್ಟ ಕಲ್ಲಿನಿಂದ ಬರುವ ಅಂಕಿಗೆ ಅರ್ಥವಿಲ್ಲ.

ಹೊರಡುವ ಮೊದಲು

ನೋಟ್‌ಬುಕ್, ಪೆನ್ಸಿಲ್, ಮೊಬೈಲ್, ಒಂದು ಭೂತಗನ್ನಡಿ, ಒಂದು ಬಾಟಲಿ ನೀರು ಸಾಕು. ನೀರು ಕುಡಿಯೋಕೆ ಮಾತ್ರ ಅಲ್ಲ. ಒಣಗಿದ ಬಂಡೆಯ ಮೇಲೆ ಸ್ವಲ್ಪ ಚೆಲ್ಲಿ ನೋಡಿ, ಕಾಣದೇ ಇದ್ದ ಪಟ್ಟೆಗಳೆಲ್ಲ ಎದ್ದು ಬರುತ್ತವೆ. ಫೋಟೋ ತೆಗೆಯುವಾಗ ಹತ್ತು ರೂಪಾಯಿ ನಾಣ್ಯ ಪಕ್ಕದಲ್ಲಿಡಿ. ಅದರ ಅಗಲ 27 ಮಿ.ಮೀ., ಅಳತೆಗೆ ಅನುಕೂಲ.

ಸುತ್ತಿಗೆ ಬೇಡ. ಚಾಮುಂಡಿ ಬೆಟ್ಟ, ಮೇಲುಕೋಟೆ, ಕುಂತಿಬೆಟ್ಟ ಇವೆಲ್ಲ ಜನ ಕೈಮುಗಿಯುವ ಜಾಗಗಳು. ಅಲ್ಲಿ ಕಲ್ಲು ಒಡೆಯಬಾರದು. ಕೆಲಸ ನಡೆಯುವ ಕ್ವಾರಿಯೊಳಗೂ ಇಳಿಯಬೇಡಿ. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಕಾವೇರಿಯ ಹೊಳೆಬಂಡೆಗಳು ಎಲ್ಲಕ್ಕಿಂತ ಒಳ್ಳೆಯ ಪಾಠಶಾಲೆ. ನೀರೇ ಅವನ್ನು ಉಜ್ಜಿ ನುಣುಪು ಮಾಡಿರುತ್ತದೆ. ಆದರೆ ಅಣೆಕಟ್ಟೆಯಿಂದ ನೀರು ಬಿಡುವ ದಿನಗಳಲ್ಲಿ ಹೊಳೆಗೆ ಇಳಿಯಲೇಬೇಡಿ.

ಹೆಜ್ಜೆ 1: ಕಲ್ಲು ಹುಟ್ಟಿದ್ದು ಹೇಗೆ ಅಂತ ನೋಡಿ

ಕರಗಿದ ದ್ರವ ಆರಿ ಆದ ಕಲ್ಲೇ? ಮರಳು, ಕೆಸರು ಪದರ ಪದರವಾಗಿ ಕೂತು ಆದದ್ದೇ? ಅಥವಾ ಇದ್ದ ಕಲ್ಲೇ ಕಾವು ಮತ್ತು ಒತ್ತಡಕ್ಕೆ ಸಿಕ್ಕಿ ಬದಲಾದದ್ದೇ? ಚಾಮುಂಡಿ ಬೆಟ್ಟದ ಗ್ರಾನೈಟ್ ಮೊದಲನೇ ಜಾತಿ. ನಮ್ಮ ಒಗೆಯುವ ಕಲ್ಲು ಮೂರನೇ ಜಾತಿ. ಪಟ್ಟೆ ಪಟ್ಟೆಯಾಗಿರುವ ಇಂಥ ಕಲ್ಲಿಗೆ ನೈಸ್ ಎನ್ನುತ್ತಾರೆ. ಮೈಸೂರು–ಮಂಡ್ಯ ಬಯಲಿನ ಬಹುಪಾಲು ನೆಲ ಇದೇ.

ಹೊರಮೈ ಬಣ್ಣ ನಂಬಬೇಡಿ. ಬಿಸಿಲು, ಮಳೆ, ಪಾಚಿ ಸೇರಿ ಎಲ್ಲ ಕಲ್ಲನ್ನೂ ಒಂದೇ ಬಣ್ಣಕ್ಕೆ ತಂದಿರುತ್ತವೆ. ಈಚೆಗೆ ಒಡೆದ ಮೈ ಹುಡುಕಿ. ಮಿಣಮಿಣ ಹೊಳೆಯುವುದು ಕಾಗೆಬಂಗಾರ. ಗಾಜಿನ ಹಾಗೆ ಕಾಣುವುದು ಬೆಣಚು. ಗುಲಾಬಿ ಅಥವಾ ಹಾಲುಬಿಳಿ ಬಣ್ಣದ ಚಪ್ಪಟೆ ಮೈಯ ಹರಳು ಫೆಲ್ಡ್‌ಸ್ಪಾರ್.

ಹೆಜ್ಜೆ 2: ಯಾವುದು ಮೊದಲು, ಯಾವುದು ಆಮೇಲೆ

ಇದೇ ಮುಖ್ಯ ಹೆಜ್ಜೆ. ನಿಧಾನವಾಗಿ ಮಾಡಿ.

ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಇದನ್ನು 1669ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ನಿಕೋಲಸ್ ಸ್ಟೆನೊ ಬರೆದಿಟ್ಟ. ಭತ್ತದ ಹುಲ್ಲಿನ ಮೆದೆ ಒಟ್ಟುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ನಮ್ಮ ಕಡೆ ಹೀಗೆ ಪದರವಾಗಿ ಕೂತ ಕಲ್ಲು ಕಡಿಮೆ. ಹಾಗಾಗಿ ನಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ಬೇರೆ ಎರಡು ನಿಯಮ.

ಒಂದು, ಕತ್ತರಿಸಿದ್ದು ಹೊಸದು, ಕತ್ತರಿಸಿಕೊಂಡದ್ದು ಹಳೆಯದು. ಒಗೆಯುವ ಕಲ್ಲಿಗೇ ಬನ್ನಿ. ಗುಲಾಬಿ ಎಳೆ ಪಟ್ಟೆಗಳನ್ನು ಸೀಳಿದೆ. ಅಂದರೆ ಪಟ್ಟೆ ಮೊದಲು, ಎಳೆ ಆಮೇಲೆ. ಬಿರುಕು ಆ ಎಳೆಯನ್ನೇ ಸರಿಸಿದೆ. ಅಂದರೆ ಬಿರುಕು ಇನ್ನೂ ಆಮೇಲೆ. ಉಳಿ ಗುರುತು ಎಲ್ಲಕ್ಕಿಂತ ಕೊನೆ. ಒಂದೇ ಕಲ್ಲಿನಲ್ಲಿ ನಾಲ್ಕು ಘಟನೆ, ಕ್ರಮವಾಗಿ. ಇನ್ನೂ ಯಾವ ಅಂಕಿಯೂ ಬೇಕಾಗಿಲ್ಲ ನೋಡಿ.

ಎರಡು, ಒಳಗೆ ಸಿಕ್ಕಿಕೊಂಡ ತುಂಡು ಹಳೆಯದು, ಸುತ್ತ ಇರುವುದು ಹೊಸದು. ಉಪ್ಪಿಟ್ಟಿನೊಳಗೆ ಕಡಲೆಬೀಜ ಇದ್ದರೆ ಬೀಜ ಮುಂಚೆಯೇ ಇತ್ತು ತಾನೇ? ಈ ಸರಳ ನಿಯಮದ ಮೇಲೆ ಹಳೇ ಮೈಸೂರಿನಲ್ಲಿ ದಶಕಗಟ್ಟಲೆ ವಾದ ನಡೆಯಿತು. ಮೈಸೂರು ಸಂಸ್ಥಾನ 1894ರಲ್ಲೇ ಭೂವಿಜ್ಞಾನ ಇಲಾಖೆ ಶುರುಮಾಡಿತ್ತು. ಅದರ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ಮುಂದೆ ಅದೇ ಇಲಾಖೆಯ ಸ್ಮೀತ್ 1916ರಲ್ಲಿ ನಮ್ಮ ಪಟ್ಟೆಕಲ್ಲಿಗೆ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟರು. ಧಾರವಾಡದ ಶಿಸ್ಟ್ ಕಲ್ಲುಗಳು (ತೆಳು ಹಾಳೆಗಳಾಗಿ ಸೀಳುವ, ಮೂರನೇ ಜಾತಿಯ ಕಲ್ಲು) ಹಳೆಯವೋ, ಈ ನೈಸ್ ಹಳೆಯದೋ ಅನ್ನುವುದೇ ಆಗಿನ ಜಗಳ. ಕೆಲವು ಕಡೆ ಶಿಸ್ಟ್ ತುಂಡುಗಳು ನೈಸ್ ಒಳಗೆ ಸಿಕ್ಕಿಕೊಂಡಿದ್ದವು. ಬೇರೆ ಕಡೆ ಶಿಸ್ಟ್ ನೈಸ್ ಮೇಲೆ ಕೂತಿತ್ತು. ಕೊನೆಗೆ ತಿಳಿದದ್ದು, ಶಿಸ್ಟ್ ಒಂದಲ್ಲ, ಎರಡು ಕಾಲದ್ದು. ಹಳೆಯದಕ್ಕೆ ಹಿಂದೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿದ್ದ ಸರಗೂರಿನ ಹೆಸರೇ ಬಂತು. ಪ್ರಪಂಚದ ಭೂವಿಜ್ಞಾನದ ಪುಸ್ತಕಗಳಲ್ಲಿ ನಮ್ಮ ಸರಗೂರಿನ ಹೆಸರು ಓದುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಇಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ಶ್ರೀರಂಗಪಟ್ಟಣದ ಹತ್ತಿರ ಹೊಳೆಬಂಡೆಯ ಮೇಲೆ ಬೆಣಚಿನ ಬಿಳಿ ಎಳೆಯೊಂದು ಹರಿದು ಬಂದು, ಕರಿಕಲ್ಲಿನ ಪಟ್ಟಿಯೊಂದಕ್ಕೆ ತಾಗಿ ನಿಂತಿತ್ತು. ‘ಕರಿಕಲ್ಲು ಮೊದಲೇ ಇತ್ತು, ಬೆಣಚು ಅದನ್ನು ದಾಟಲಾಗದೆ ನಿಂತಿತು’ ಅಂತ ಬರೆದುಕೊಂಡೆ. ಹೊರಡುವಾಗ ಕರಿಕಲ್ಲಿನ ಆ ಬದಿಗೆ ಸುಮ್ನೆ ಹೋಗಿ ನೋಡಿದರೆ ಅದೇ ಬಿಳಿ ಎಳೆ ಅಲ್ಲಿ ಮುಂದುವರಿದಿತ್ತು! ಬೆಣಚು ಮೊದಲೇ ಇತ್ತು. ಕರಿಕಲ್ಲಿನ ದ್ರವ ಆಮೇಲೆ ಬಿರುಕಿನಲ್ಲಿ ನುಗ್ಗಿ ಅದನ್ನು ಎರಡು ಮಾಡಿತ್ತು. ಆದ್ದರಿಂದ ಯಾವಾಗಲೂ ಎರಡೂ ಬದಿ ನೋಡಿ. ಕರಿಕಲ್ಲಿನ ಅಂಚನ್ನು ಭೂತಗನ್ನಡಿಯಲ್ಲೂ ನೋಡಿ. ತಣ್ಣನೆಯ ಬಂಡೆಗೆ ತಾಗಿದ ಅಂಚು ಬೇಗ ಆರುತ್ತದೆ, ಹಾಗಾಗಿ ಅಲ್ಲಿ ಹರಳು ಸಣ್ಣ. ನಡುವೆ ನಿಧಾನವಾಗಿ ಆರಿದ ಕಡೆ ಹರಳು ದಪ್ಪ. ಅಂಚು ಹೀಗಿದ್ದರೆ ಅದು ಆಮೇಲೆ ನುಗ್ಗಿದ ಕಲ್ಲು ಅನ್ನೋದು ಖಚಿತ. ಇಂಥ ಪಟ್ಟಿಗೆ ಡೈಕ್ ಎನ್ನುತ್ತಾರೆ.

ಲಿಥಿಯಂ ಸಿಕ್ಕಿದೆ ಎಂದು ಸುದ್ದಿಯಾದ ಮಂಡ್ಯ ಜಿಲ್ಲೆಯ ಅಲ್ಲಾಪಟ್ಟಣ–ಮರಳಗಾಲ ನೆನಪಿದೆಯಾ? ಅಲ್ಲಿ ಲಿಥಿಯಂ ಇರುವುದು ಪೆಗ್ಮಟೈಟ್ ಎಂಬ ದಪ್ಪ ಹರಳಿನ ಎಳೆಗಳಲ್ಲಿ. ಅವೂ ಹಳೆಯ ಕಲ್ಲನ್ನು ಸೀಳಿಕೊಂಡು ಬಂದವೇ.

ಹೆಜ್ಜೆ 3: ಗಡಿಯಾರ ಯಾವಾಗ ಶುರುವಾಯಿತು ಅಂತ ಕೇಳಿ

ಈಗ ಅಂಕಿಗೆ ಬರೋಣ. ಕೆಲವು ಧಾತುಗಳು ತಾವಾಗಿಯೇ ಒಡೆದು ಬೇರೆ ಧಾತುಗಳಾಗುತ್ತವೆ. ಯುರೇನಿಯಂ ಕೊನೆಗೆ ಸೀಸವಾಗುತ್ತದೆ. ರುಬಿಡಿಯಂ ಸ್ಟ್ರಾಂಷಿಯಂ ಆಗುತ್ತದೆ. ಪೊಟಾಸಿಯಂನಲ್ಲಿ ಒಂದು ಬಗೆ ಆರ್ಗಾನ್ ಅನಿಲವಾಗುತ್ತದೆ. ಈ ವೇಗ ಬಂಡೆಯೊಳಗಿನ ಕಾವಿಗಾಗಲಿ ಒತ್ತಡಕ್ಕಾಗಲಿ ಬದಲಾಗುವುದಿಲ್ಲ. ಹಾಗಾಗಿ ಇದು ಗಡಿಯಾರ.

ಆದರೆ ಗಡಿಯಾರ ಯಾವಾಗ ಶುರುವಾಗುತ್ತದೆ? ಆಲೆಮನೆ ನೋಡಿದವರಿಗೆ ಇದು ಸುಲಭ. ಕೊಪ್ಪರಿಗೆಯಲ್ಲಿ ಪಾಕ ಕುದಿಯುವಾಗ ಎಲ್ಲವೂ ಓಡಾಡುತ್ತಿರುತ್ತದೆ, ಆವಿ ಹೋಗುತ್ತಿರುತ್ತದೆ. ಅಚ್ಚಿಗೆ ಬಿದ್ದು ಗಟ್ಟಿಯಾದ ಮೇಲೆ ಒಳಗಿದ್ದದ್ದು ಒಳಗೇ. ಕಲ್ಲಿನ ಗಡಿಯಾರ ಶುರುವಾಗುವುದು ಹರಳು ಹೀಗೆ ‘ಅಚ್ಚುಕಟ್ಟಿದ’ ಗಳಿಗೆಯಿಂದ. ಅದೇ ಬೆಲ್ಲವನ್ನು ಮತ್ತೆ ಕರಗಿಸಿದರೆ? ಗಡಿಯಾರ ಮತ್ತೆ ಸೊನ್ನೆಯಿಂದ.

ಎಲ್ಲ ಹರಳೂ ಒಂದೇ ಕಾವಿನಲ್ಲಿ ಬಾಗಿಲು ಮುಚ್ಚುವುದಿಲ್ಲ. ಜಿರ್ಕಾನ್ ಎಂಬ ಪುಟ್ಟ ಹರಳು 900 ಡಿಗ್ರಿ ಕಾವಿನಲ್ಲೂ ತನ್ನ ಸೀಸವನ್ನು ಬಿಡುವುದಿಲ್ಲ. ಕಪ್ಪು ಕಾಗೆಬಂಗಾರ ಸುಮಾರು 300 ಡಿಗ್ರಿಗೆ ಇಳಿದ ಮೇಲೆಯೇ ಆರ್ಗಾನನ್ನು ಹಿಡಿದಿಡುವುದು. ಅದಕ್ಕೇ ಒಂದೇ ಬಂಡೆಯಿಂದ ಎರಡು ವಯಸ್ಸು ಬರಬಹುದು. ಎರಡೂ ಸರಿ. ಒಂದು ಹುಟ್ಟಿದ ಕಾಲ, ಇನ್ನೊಂದು ಆರಿದ ಅಥವಾ ಮತ್ತೆ ಕಾದು ಆರಿದ ಕಾಲ.

ಮರಳುಗಲ್ಲಾದರೆ ಇನ್ನೊಂದು ಎಚ್ಚರ. ರಾಗಿ ಹೋದ ವರ್ಷದ್ದು, ಮುದ್ದೆ ಇವತ್ತಿನದು. ರಾಗಿಯ ವಯಸ್ಸು ಹೇಳಿ ಮುದ್ದೆಯ ವಯಸ್ಸು ಅಂದರೆ ತಪ್ಪು. ಸರಗೂರು ಗುಂಪಿನ ಬೆಣಚುಗಲ್ಲಿನಲ್ಲಿ (ಮರಳುಗಲ್ಲೇ ಕಾವು, ಒತ್ತಡಕ್ಕೆ ಬದಲಾದದ್ದು) 350 ಕೋಟಿ ವರ್ಷ ದಾಟಿದ ಜಿರ್ಕಾನ್ ಹರಳುಗಳು ಸಿಕ್ಕಿವೆ. ಅವು ಇನ್ನೂ ಹಳೆಯ ಯಾವುದೋ ಬಂಡೆಯಿಂದ ಸವೆದು ಬಂದ ಕಾಳುಗಳು. ಆ ಬೆಣಚುಗಲ್ಲು ತನ್ನಲ್ಲಿರುವ ಎಲ್ಲಕ್ಕಿಂತ ಚಿಕ್ಕ ವಯಸ್ಸಿನ ಕಾಳಿಗಿಂತ ಹಳೆಯದಾಗಿರಲಾರದು. ಅಷ್ಟನ್ನು ಮಾತ್ರ ಹೇಳಬಹುದು.

ಹೆಜ್ಜೆ 4: ಸೇರು, ಅಚ್ಚೇರು, ಪಾವು

ಹಳೇ ಅಳತೆ ಗೊತ್ತಿರುವವರಿಗೆ ‘ಅರ್ಧಾಯುಷ್ಯ’ ಎನ್ನುವ ಪದ ಬಿಡಿಸಿ ಹೇಳಬೇಕಿಲ್ಲ. ಒಂದು ಸೇರು ಯುರೇನಿಯಂ-238 (238 ಅಂದರೆ ಆ ಬಗೆಯ ಪರಮಾಣುವಿನ ತೂಕ ತೋರಿಸುವ ಸಂಖ್ಯೆ) ಇದೆ ಅಂದುಕೊಳ್ಳಿ. 447 ಕೋಟಿ ವರ್ಷ ಕಳೆದರೆ ಉಳಿಯುವುದು ಅಚ್ಚೇರು. ಇನ್ನೊಂದು 447 ಕೋಟಿ ವರ್ಷಕ್ಕೆ ಪಾವು. ಆಮೇಲೆ ಅರೆಪಾವು, ಆಮೇಲೆ ಚಟಾಕು. ಪ್ರತಿ ಸಲವೂ ಇದ್ದದ್ದರಲ್ಲಿ ಅರ್ಧ. ಹೋದದ್ದೆಲ್ಲ ಸೀಸವಾಗಿ ಪಕ್ಕದಲ್ಲೇ ಕೂತಿರುತ್ತದೆ.

ಜಿರ್ಕಾನ್ ಯಾಕೆ ಎಲ್ಲರಿಗೂ ಇಷ್ಟ ಅಂದರೆ, ಅದು ಬೆಳೆಯುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಸೇರಿಸುವುದೇ ಇಲ್ಲ ಅನ್ನಬಹುದು. ಈಗ ಒಳಗಿರುವ ಸೀಸ ಹೆಚ್ಚುಕಡಿಮೆ ಎಲ್ಲವೂ ಆಮೇಲೆ ಹುಟ್ಟಿದ್ದು. ಲ್ಯಾಬಿನಲ್ಲಿ ಕಲ್ಲನ್ನು ಪುಡಿ ಮಾಡಿ, ಭಾರವಾದ ದ್ರವದಲ್ಲಿ ಮುಳುಗಿಸಿ ಜಿರ್ಕಾನ್ ಬೇರೆ ಮಾಡುತ್ತಾರೆ. ಅದನ್ನು ಅಂಟಿನ ಬಿಲ್ಲೆಯಲ್ಲಿ ಕೂರಿಸಿ ಉಜ್ಜುತ್ತಾರೆ. ಲೇಸರ್ ಅಥವಾ ಅಯಾನ್ ಕಿರಣದಿಂದ ಕೂದಲಿಗಿಂತ ಸಣ್ಣ ಗುಳಿ ತೋಡಿ, ಬಂದ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಎಣಿಸುತ್ತಾರೆ.

ಲೆಕ್ಕ ನೀವೇ ಮಾಡಿ ನೋಡಿ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಉದಾಹರಣೆಗೆ ಒಂದು ಯುರೇನಿಯಂ-238ಕ್ಕೆ 0.478ರಷ್ಟು ಸೀಸ-206 ಇದೆ ಅಂತಿಟ್ಟುಕೊಳ್ಳಿ. ಅದಕ್ಕೆ 1 ಕೂಡಿಸಿ: 1.478. ಇದರ ಲಾಗ್ ಒತ್ತಿ: 0.1697. 2ರ ಲಾಗ್ 0.3010. ಭಾಗಿಸಿದರೆ 0.5636. 447 ಕೋಟಿಯಿಂದ ಗುಣಿಸಿ. ಸುಮಾರು 252 ಕೋಟಿ ವರ್ಷ.

ಜಿರ್ಕಾನ್ ಒಳಗೆ ಎರಡನೇ ಗಡಿಯಾರವೂ ಇದೆ. ಯುರೇನಿಯಂ-235 ಸೀಸ-207 ಆಗುತ್ತದೆ, ಅದರ ಅರ್ಧಾಯುಷ್ಯ 70.4 ಕೋಟಿ ವರ್ಷ. ಅದೇ ಹರಳಿನಲ್ಲಿ ಈ ಪ್ರಮಾಣ 10.96 ಎಂದು ಬಂತು ಅನ್ನಿ. 1 ಕೂಡಿಸಿದರೆ 11.96. ಲಾಗ್ 1.0777, ಭಾಗಿಸಿದರೆ 3.58. 70.4 ಕೋಟಿಯಿಂದ ಗುಣಿಸಿದರೆ ಮತ್ತೆ 252 ಕೋಟಿ! ಬೇರೆ ಬೇರೆ ವೇಗದ ಎರಡು ಗಡಿಯಾರ ಒಂದೇ ಹೊತ್ತು ತೋರಿಸಿದರೆ ಆ ಹರಳನ್ನು ನಂಬಬಹುದು. ತೋರಿಸದೇ ಹೋದರೆ ನಡುವೆ ಸೀಸ ಸೋರಿದೆ ಅಂತ ಅರ್ಥ. ಈ ವಿಧಾನದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದೇ. ತಪ್ಪಾಗಿದ್ದರೆ ಅದೇ ಹೇಳಿಬಿಡುತ್ತದೆ.

252 ಕೋಟಿಯನ್ನು ಸುಮ್ನೆ ಆರಿಸಿಕೊಂಡಿಲ್ಲ. ಮಂಡ್ಯದಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ರಾಮನಗರದ ಬೆಟ್ಟಗಳ ಗ್ರಾನೈಟಿಗೆ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ, ಹಾಗಾಗಿ ಅದು ಕ್ಲೋಸ್‌ಪೇಟೆ ಗ್ರಾನೈಟ್. ನಮ್ಮ ಸುತ್ತಲಿನ ಪಟ್ಟೆಕಲ್ಲು 300ರಿಂದ 340 ಕೋಟಿ ವರ್ಷದ್ದು.

ಚಾಮುಂಡಿ ಬೆಟ್ಟ? ಕೇಳಿದರೆ ಬಹಳ ಜನ ‘ಬೆಟ್ಟ ಅಂದ ಮೇಲೆ ಎಲ್ಲಕ್ಕಿಂತ ಹಳೆಯದು’ ಅನ್ನುತ್ತಾರೆ. ರುಬಿಡಿಯಂ–ಸ್ಟ್ರಾಂಷಿಯಂ ವಿಧಾನದಲ್ಲಿ ಬಂದ ಅದರ ವಯಸ್ಸು ಸುಮಾರು 80 ಕೋಟಿ ವರ್ಷ. ಸುತ್ತಲಿನ ನೆಲಕ್ಕೆ ಹೋಲಿಸಿದರೆ ಬೆಟ್ಟ ಮಗು. ಅದು ಹಳೆಯ ನೈಸ್ ಒಳಗೆ, ನೆಲದಾಳದಲ್ಲಿ ನುಗ್ಗಿ ಆರಿದ ಗ್ರಾನೈಟ್. ಮೇಲಿದ್ದ ಕಲ್ಲೆಲ್ಲ ಸವೆದು ಹೋದ ಮೇಲೆ ಗಟ್ಟಿಯಾದ ಇದು ಉಳಿದು ಬೆಟ್ಟವಾಯಿತು. ಎತ್ತರ ನೋಡಿ ವಯಸ್ಸು ಹೇಳಬಾರದು.

ಮೆಟ್ಟಿಲು ಹತ್ತುವಾಗ ಸಿಗುವ ನಂದಿಗೂ ಎರಡು ವಯಸ್ಸು. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ ಕಡೆದ ವಿಗ್ರಹ ಅದು. ಜಿರ್ಕಾನ್ ಹೇಳುವುದು ಕಲ್ಲಿನ ವಯಸ್ಸನ್ನು ಮಾತ್ರ. ಶಿಲ್ಪಿಯ ಕೆಲಸದ ವಯಸ್ಸು ಇತಿಹಾಸದ ದಾಖಲೆಯಿಂದಲೇ ಸಿಗಬೇಕು.

ಹೆಜ್ಜೆ 5: ಪಳೆಯುಳಿಕೆ ಸಿಕ್ಕರೆ

ಮೈಸೂರು–ಮಂಡ್ಯದ ಬಂಡೆಗಳಲ್ಲಿ ಚಿಪ್ಪು, ಮೂಳೆ ಹುಡುಕಿ ದಿನ ಕಳೆಯಬೇಡಿ. ಚಿಪ್ಪಿನ ಪ್ರಾಣಿಗಳು ಹೆಚ್ಚಾಗಿ ಕಾಣಿಸಿಕೊಂಡದ್ದೇ ಸುಮಾರು 54 ಕೋಟಿ ವರ್ಷದ ಹಿಂದೆ. ಅಷ್ಟು ಹೊತ್ತಿಗೆ ನಮ್ಮ ಬಂಡೆಗಳೆಲ್ಲ ಮುದುಕರಾಗಿದ್ದವು. ತುಮಕೂರು ಜಿಲ್ಲೆಯ ದೊಡ್ಡಗುಣಿ ಕಡೆ ಹೋದರೆ ಸುಣ್ಣಕಲ್ಲಿನಲ್ಲಿ ಸ್ಟ್ರೊಮಾಟೊಲೈಟ್ ಇದೆ. ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ರಚನೆ ಅದು. ಅಮೊನೈಟ್ ಎಂಬ ಅಳಿದುಹೋದ ಸಮುದ್ರಜೀವಿಯ ಸುರುಳಿ ಚಿಪ್ಪು ನೋಡಬೇಕಾದರೆ ಕಾವೇರಿಯ ಜೊತೆ ಕೆಳಗೆ, ತಮಿಳುನಾಡಿನ ಅರಿಯಲೂರು ಕಡೆ ಹೋಗಬೇಕು. ಅಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು.

ಪಳೆಯುಳಿಕೆಯ ವಯಸ್ಸನ್ನು ಸಾಮಾನ್ಯವಾಗಿ ನೇರ ಅಳೆಯುವುದಿಲ್ಲ. ಮೇಲೆ ಕೆಳಗೆ ಲಾವಾ ಅಥವಾ ಜ್ವಾಲಾಮುಖಿಯ ಬೂದಿ ಇದೆಯಾ ನೋಡುತ್ತಾರೆ. ಅವುಗಳ ವಯಸ್ಸು ಅಳೆದರೆ ನಡುವಿನದು ಆ ಎರಡರ ಮಧ್ಯೆ. ನರ್ಮದಾ ಕಣಿವೆಯಲ್ಲಿ ಡೈನೋಸಾರ್ ಮೊಟ್ಟೆಗಳಿರುವ ಲಮೇಟಾ ಪದರದ ಮೇಲೆ ದಖನ್ ಲಾವಾ ಹರಿದಿದೆ. ಲಾವಾ ಸುಮಾರು 6.6 ಕೋಟಿ ವರ್ಷದ್ದು. ಹಾಗಾದರೆ ಅದರ ಅಡಿಯ ಮೊಟ್ಟೆಗಳು ಅದಕ್ಕಿಂತ ಮೊದಲಿನವು.

ಬೂದಿಯೂ ಇಲ್ಲದ ಕಡೆ ಪಳೆಯುಳಿಕೆಯೇ ಗುರುತಿನ ಚೀಟಿ. ಯಾವ ಜೀವಿ ಬಹಳ ದೂರ ಹರಡಿ, ಸ್ವಲ್ಪವೇ ಕಾಲ ಬದುಕಿ ಅಳಿಯಿತೋ ಅದು ಒಳ್ಳೆಯ ಗುರುತು. ಅಮೊನೈಟ್, ಟ್ರೈಲೊಬೈಟ್ (ಅಳಿದುಹೋದ ಇನ್ನೊಂದು ಸಮುದ್ರಜೀವಿ) ಅಂಥವು. ಇಂಗ್ಲೆಂಡಿನಲ್ಲಿ ಕಾಲುವೆ ತೋಡಿಸುತ್ತಿದ್ದ ವಿಲಿಯಂ ಸ್ಮಿತ್ ಈ ಕ್ರಮ ಹಿಡಿದೇ 1815ರಲ್ಲಿ ದೊಡ್ಡ ಭೂಪಟ ತಂದ.

ಕಾರ್ಬನ್-14 ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರ ಅರ್ಧಾಯುಷ್ಯ 5,730 ವರ್ಷ ಮಾತ್ರ. ಸುಮಾರು 50,000 ವರ್ಷ ದಾಟಿದರೆ ಅಳೆಯುವಷ್ಟು ಉಳಿದಿರುವುದಿಲ್ಲ. ಡೈನೋಸಾರಿಗೂ ಬಂಡೆಗೂ ಅದು ನಡೆಯದು. ತಿರುಮಕೂಡಲು ನರಸೀಪುರದ ನವಶಿಲಾಯುಗದ ನೆಲೆಯಂಥ ಕಡೆ ಇದ್ದಿಲು, ಮೂಳೆ ಸಿಕ್ಕರೆ ಅದಕ್ಕೆ ಸರಿಯಾದ ಗಡಿಯಾರ.

ಹೆಜ್ಜೆ 6: ಕಾಲದ ಪಟ್ಟಿಯಲ್ಲಿ ಜಾಗ ಹುಡುಕಿ

ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಉಲ್ಕೆಗಳ ಸೀಸ ಅಳೆದು ತೋರಿಸಿದ. ಇಷ್ಟು ದೊಡ್ಡ ಕಾಲವನ್ನು ಇಯಾನ್, ಎರಾ, ಪೀರಿಯಡ್ ಎಂದು ಭಾಗ ಮಾಡಿದ್ದಾರೆ. ಜಿಲ್ಲೆ, ತಾಲ್ಲೂಕು, ಹೋಬಳಿ ಇದ್ದ ಹಾಗೆ. ತಾಲ್ಲೂಕುಗಳೆಲ್ಲ ಒಂದೇ ಅಗಲ ಇರುವುದಿಲ್ಲವಲ್ಲ, ಇವೂ ಹಾಗೇ.

ಗಡಿ ಹಾಕುವ ರೀತಿ ಎರಡು ಥರ. 54 ಕೋಟಿ ವರ್ಷದ ಈಚೆ ಪ್ರಪಂಚದಲ್ಲಿ ಯಾವುದೋ ಒಂದು ಜಾಗದ ಒಂದು ಪದರವನ್ನೇ ಗಡಿಕಲ್ಲು ಎಂದು ಆರಿಸುತ್ತಾರೆ. ಹೆಚ್ಚಾಗಿ ಹೊಸ ಜೀವಿಯೊಂದು ಮೊದಲು ಕಾಣಿಸಿಕೊಂಡ ಪದರ ಅದು. ನಾವಿರುವ ಈಗಿನ ಕಾಲಭಾಗದ ಹೆಸರು ಮೇಘಾಲಯನ್. ಸುಮಾರು 4,200 ವರ್ಷದ ಹಿಂದೆ ಶುರುವಾದ ಇದರ ಗಡಿ ಮೇಘಾಲಯದ ಮಾವ್ಮ್ಲೂ ಗುಹೆಯ ಸುಣ್ಣದ ಕಂಬದಲ್ಲಿದೆ. ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಬಹಳ ಹಳೆಯ ಕಾಲಕ್ಕೆ ಇಂಥ ಜೀವಿಗಳೇ ಇಲ್ಲ. ಅಲ್ಲಿ ಅಂಕಿಯೇ ಗಡಿ. ಆರ್ಕಿಯನ್ ಎಂಬ ಇಯಾನ್ ಮುಗಿದು ಪ್ರೊಟೆರೊಜೊಯಿಕ್ ಎಂಬ ಮುಂದಿನ ಇಯಾನ್ ಶುರುವಾಗುವುದು 250 ಕೋಟಿ ವರ್ಷಕ್ಕೆ ಎಂದು ಹಾಗೇ ತೀರ್ಮಾನಿಸಿದ್ದಾರೆ. ನಮ್ಮ ನೈಸ್, ಸರಗೂರು, ಕ್ಲೋಸ್‌ಪೇಟೆ ಎಲ್ಲವೂ ಆರ್ಕಿಯನ್. ಚಾಮುಂಡಿ ಬೆಟ್ಟ ಪ್ರೊಟೆರೊಜೊಯಿಕ್.

ಇಂಗ್ಲಿಷ್ ಲೇಖನ ಓದುವಾಗ ಒಂದು ಮಿಲಿಯನ್ ಅಂದರೆ ಹತ್ತು ಲಕ್ಷ, ಒಂದು ಬಿಲಿಯನ್ ಅಂದರೆ ನೂರು ಕೋಟಿ. ಈ ಗೊಂದಲದಲ್ಲಿ ಸೊನ್ನೆ ತಪ್ಪುವವರು ಜಾಸ್ತಿ.

ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ರಸ್ತೆಯ ಮೇಲೆ ಹಾಸಿ ನೋಡುವುದು ಒಳ್ಳೆಯದು. ಮಂಡ್ಯದಿಂದ ಮೈಸೂರು ಹೆಚ್ಚುಕಡಿಮೆ 46 ಕಿ.ಮೀ. ಅಂತಿಟ್ಟುಕೊಳ್ಳಿ. ಒಂದು ಕಿ.ಮೀ.ಗೆ 10 ಕೋಟಿ ವರ್ಷ. ಒಂದು ಮೀಟರಿಗೆ ಒಂದು ಲಕ್ಷ ವರ್ಷ. ಮಂಡ್ಯದಲ್ಲಿ ಬಸ್ಸು ಹೊರಟಾಗ ಭೂಮಿ ಹುಟ್ಟಿತು. ಆರು ಕಿ.ಮೀ. ಕಳೆದ ಮೇಲೆ ಆರ್ಕಿಯನ್ ಶುರು. ಹನ್ನೆರಡರಿಂದ ಹದಿನಾರನೇ ಕಿ.ಮೀ. ನಡುವೆ ನಮ್ಮ ಒಗೆಯುವ ಕಲ್ಲಿನಂಥ ನೈಸ್. ಮೈಸೂರು ಇನ್ನು 25 ಕಿ.ಮೀ. ಇರುವಾಗ ರಾಮನಗರದ ಗ್ರಾನೈಟ್. ಇನ್ನೊಂದು ಕಿ.ಮೀ. ಮುಂದೆ ಹೋದರೆ ಗಾಳಿಯಲ್ಲಿ ಆಮ್ಲಜನಕ ಏರತೊಡಗುತ್ತದೆ. ಶ್ರೀರಂಗಪಟ್ಟಣ ಬರುವ ಹೊತ್ತಿಗೆ ಭೂಮಿಯ ಆಯಸ್ಸಿನ ಮೂರರಲ್ಲಿ ಎರಡು ಪಾಲು ಮುಗಿದಿರುತ್ತದೆ. ಇನ್ನೂ ಒಂದು ಮೀನೂ ಇಲ್ಲ, ಹುಲ್ಲುಕಡ್ಡಿಯೂ ಇಲ್ಲ. ಮೈಸೂರಿಗೆ 8 ಕಿ.ಮೀ. ಇರುವಾಗ ಚಾಮುಂಡಿ ಬೆಟ್ಟದ ಗ್ರಾನೈಟ್ ಆರುತ್ತದೆ. 5.4 ಕಿ.ಮೀ. ಇರುವಾಗ ಚಿಪ್ಪಿನ ಪ್ರಾಣಿಗಳು. ಬಸ್ಸು ನಿಲ್ಲಲು 660 ಮೀಟರ್ ಇರುವಾಗ ಡೈನೋಸಾರ್‌ಗಳು ಇಲ್ಲವಾಗುತ್ತವೆ. ಮನುಷ್ಯ ಬರುವುದು ಕೊನೆಯ ಮೂರು ಮೀಟರಿನಲ್ಲಿ, ಬಸ್ಸಿನ ಮುಂದಿನ ಬಾಗಿಲಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟು ದೂರ. ಮೇಘಾಲಯನ್ ಕಾಲಭಾಗ ಕೊನೆಯ ನಾಲ್ಕು ಸೆಂಟಿಮೀಟರ್. ನಂದಿಯನ್ನು ಕಡೆದು ನಿಲ್ಲಿಸಿ ಇನ್ನೂ ನಾಲ್ಕು ಮಿಲಿಮೀಟರೂ ಆಗಿಲ್ಲ.